ಕಾರ್ನರ್ ಇರಲಿ, ಥ್ರೋ ಕಲಿಸಿದಿರಾ?

ಪ್ರಶ್ನೆ: ನೆಹರೂ ಮೈದಾನದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಅವಕಾಶ) ಸಿಕ್ಕಿದರೆ ಎಲ್ಲರೂ ಗೋಲಿನೆದುರು ಗುಂಪುಗೂಡುತ್ತಾರೆ, ಚೆಂಡು ಮಾತ್ರ ಅಲ್ಲಿಗೆ ತಲುಪುವುದೇ ಇಲ್ಲ. ಏನು ಮಾಡಲಿ?
— ಓದುಗ, ಮಂಗಳೂರು

ಉತ್ತರ: ತಲುಪುವುದಾದರೂ ಹೇಗೆ ಮಾರಾಯ್ರೇ, ಆ ಕಾಲುಗಳಲ್ಲಿ ಅಷ್ಟು ಬಲ ಎಲ್ಲಿದೆ? ಎತ್ತಿ ಹೊಡೆಸಬೇಡಿ. ಒಬ್ಬನನ್ನು ಧ್ವಜದ ಹತ್ತಿರಕ್ಕೆ ಓಡಿಸಿ, ನೆಲದ ಮೇಲೇ ಪಾಸ್ ಕೊಡಿಸಿ. ದೊಡ್ಡವರ ನಿಯಮದಲ್ಲಿ ಎದುರಾಳಿ 9.15 ಮೀಟರ್ ದೂರ ನಿಲ್ಲಬೇಕು, ಆ ಜಾಗ ನಿಮ್ಮದು. ಆದರೆ ಜೋಕೆ: ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ (ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲಿನ ಗೆರೆಗೆ ಹತ್ತಿರ ನಿಂತು ಪಾಸ್ ಪಡೆಯುವ ತಪ್ಪು) ಇಲ್ಲ, ಮುಂದಿನ ಪಾಸ್‌ಗೆ ಇದೆ. ಒದ್ದ ಹುಡುಗ ಧ್ವಜದ ಬಳಿಯೇ ನಿಂತು ಚೆಂಡು ವಾಪಸ್ ಕೇಳಿದರೆ ಲೈನ್ಸ್‌ಮನ್ ಬಾವುಟ ಎತ್ತಿಯಾನು.

ನನ್ನ ಕೇಳಿದರೆ, ಮೊದಲು ಥ್ರೋ-ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಕ್ಕೆ ಎಸೆಯುವುದು) ನೋಡಿಕೊಳ್ಳಿ. ಪಂದ್ಯದಲ್ಲಿ ಅದೇ ಹೆಚ್ಚು, ಕಲಿಸುವವರು ಕಡಿಮೆ. ಎರಡೂ ಪಾದ ಗೆರೆಯ ಮೇಲೆ ಅಥವಾ ಹೊರಗೆ ನೆಲಕ್ಕೆ ತಾಗಿರಬೇಕು. ಚೆಂಡು ತಲೆಯ ಹಿಂದಿನಿಂದ, ತಲೆಯ ಮೇಲಾಗಿ ಬರಬೇಕು. ಆಟಿ ಮಳೆಯಲ್ಲಿ ಚೆಂಡು ಕೈಯಿಂದ ಜಾರುತ್ತದೆ. ಅಂಗಿಗೆ ಒರೆಸಿ, ಎರಡೂ ಹೆಬ್ಬೆರಳು ಚೆಂಡಿನ ಹಿಂದೆ ಹತ್ತಿರ ಬರುವಂತೆ ಹಿಡಿಸಿ. ಎಸೆದವನು ಕೂಡಲೇ ಮೈದಾನದೊಳಗೆ ಬರಲಿ. ಹೆಚ್ಚಾಗಿ ಎದುರಾಳಿಗಳು ಯಾರೂ ಅವನ ಮೇಲೆ ಕಣ್ಣಿಟ್ಟಿರುವುದಿಲ್ಲ.