ತೋಡು ಸರ್ಕಾರದ್ದು, ಇಳಿಯುವ ದಾರಿ ಯಾರದ್ದು?

ಹಿಂದೊಮ್ಮೆ ಮುರಕಲ್ಲಿನ ಬಗ್ಗೆ ಬರೆದದ್ದೇ ತಡ, ಕಲ್ಲಿನ ಪ್ರಶ್ನೆಗಳೇ ರಾಶಿ ಬಿದ್ದಿವೆ. ಒಬ್ಬರಂತೂ ಕಲ್ಲನ್ನೇ ಪಾರ್ಸೆಲ್ ಮಾಡಿದ್ದಾರೆ. ದಯವಿಟ್ಟು ಬೇಡ ಮಾರಾಯ್ರೇ, ಪೋಸ್ಟ್‌ಮ್ಯಾನ್ ನನ್ನನ್ನು ನೋಡುವ ನೋಟವೇ ಬದಲಾಗಿದೆ. ಈ ಸಲ ಪಳೆಯುಳಿಕೆಗೆ ಸಂಬಂಧಿಸಿದ ಪತ್ರಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗ ಎಂಟನೇ ಕ್ಲಾಸು. ರಜೆಯಿಡೀ ಮನೆ ಹಿಂದಿನ ತೋಡಿನಲ್ಲಿ ಪಳೆಯುಳಿಕೆ ಹುಡುಕುತ್ತಿದ್ದಾನೆ. ಜರಿಗಿಡದ ಎಲೆ ಅಚ್ಚೊತ್ತಿದ ಹಾಗಿರುವ ಕಲ್ಲೊಂದು ಸಿಕ್ಕಿದೆ, ಫೋಟೊ ಇಟ್ಟಿದ್ದೇನೆ. ಎಷ್ಟು ಹಳೆಯದಿರಬಹುದು? (ಓದುಗರು, ಕಾರ್ಕಳ)

ಹುಡುಗನಿಗೆ ಬೇಜಾರಾಗುತ್ತದೆ, ಆದರೆ ಅದು ಎಲೆ ಅಲ್ಲ. ಕಲ್ಲಿನ ಬಿರುಕಿನೊಳಗೆ ನೀರು ಇಳಿಯುವಾಗ ಅದರಲ್ಲಿದ್ದ ಮ್ಯಾಂಗನೀಸ್ ಕವಲು ಕವಲಾಗಿ ಹರಡಿ ಒಣಗಿದ ಗುರುತು. ಡೆಂಡ್ರೈಟ್ ಎನ್ನುತ್ತಾರೆ. ಭೂತಗನ್ನಡಿ ಹಿಡಿದು ನೋಡಲು ಹೇಳಿ. ನಿಜವಾದ ಎಲೆಗೆ ನಡುವೆ ಒಂದು ನರ ಇರುತ್ತದೆ, ಅದರಿಂದ ಸಣ್ಣ ನರಗಳು ಲೆಕ್ಕಾಚಾರವಾಗಿ ಹೊರಡುತ್ತವೆ. ಇದರಲ್ಲಿ ಅಂಥದ್ದೇನೂ ಇಲ್ಲ, ಒದ್ದೆ ಕಾಗದದ ಮೇಲೆ ಶಾಯಿ ಚೆಲ್ಲಿದ ಹಾಗೆ ಸಿಕ್ಕಾಪಟ್ಟೆ ಹರಡಿದೆ ಅಷ್ಟೆ.

ನಮ್ಮ ಕಡೆಯ ತೋಡಿನಲ್ಲಿ ಪಳೆಯುಳಿಕೆ ಸಿಗದಿರಲು ಕಾರಣ ಉಂಟು. ಇಲ್ಲಿಯ ಕಗ್ಗಲ್ಲು 250 ಕೋಟಿ ವರ್ಷಕ್ಕಿಂತಲೂ ಹಳೆಯದು. ಆಗ ಭೂಮಿಯ ಮೇಲೆ ಎಲೆಯೂ ಇರಲಿಲ್ಲ, ಮೂಳೆಯೂ ಇರಲಿಲ್ಲ. ಇದ್ದ ಸೂಕ್ಷ್ಮಜೀವಿಯ ಗುರುತು ಕೂಡ ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಅಳಿಸಿಹೋಗುತ್ತದೆ. ಮುರಕಲ್ಲು ಇನ್ನೊಂದು ಕತೆ. ಮಳೆನೀರು ಬಂಡೆಯ ಸಾರವನ್ನೆಲ್ಲ ತೊಳೆದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಂ ಅದು. ಅದರೊಳಗಿನ ಕೊಳವೆಯಂಥ ತೂತು ಕಂಡು ಹುಳದ ಬಿಲ, ಮೂಳೆ ಎಂದೆಲ್ಲ ಬರೆಯುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಹಾಗೆಂದು ಅವನ ಹುಡುಕಾಟ ನಿಲ್ಲಿಸಬೇಡಿ. ಹಳೆ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಮರಳಿನ ಮೇಲೆ ಎಳೆಯಲಿ. ಕಪ್ಪು ಹುಡಿ ಅಂಟಿಕೊಂಡರೆ ಅದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ತೋಡು ತಿರುಗುವಲ್ಲಿ ಒಳಬದಿಗೆ ನೀರಿನ ಓಟ ಕಡಿಮೆ, ಅಲ್ಲೇ ಭಾರದ ಸಾಮಾನು ತಂಗುತ್ತದೆ. ಹೊರದೇಶದಲ್ಲಿ ಹಲ್ಲು, ಚಿಪ್ಪು ಹುಡುಕುವವರೂ ಮೊದಲು ನೋಡುವುದು ಇಂಥ ಜಾಗವನ್ನೇ.

ಪ್ರಶ್ನೆ: ನಾವು ಐದು ಜನ ಗೆಳೆಯರು ಭಾನುವಾರ ಕಲ್ಲು, ಚಿಟ್ಟೆ ನೋಡುತ್ತಾ ತೋಡಿನಲ್ಲೇ ಮೇಲಕ್ಕೆ ಹೋಗುತ್ತಿದ್ದೆವು. ತೋಟದ ಯಜಮಾನರು ಬೈದು ವಾಪಸ್ ಕಳಿಸಿದರು. ತೋಡು ಸರ್ಕಾರದ್ದಲ್ವಾ? ಅವರಿಗೆ ತಡೆಯುವ ಹಕ್ಕು ಎಲ್ಲಿಂದ ಬಂತು? (ಓದುಗರು, ಮೂಡುಬಿದಿರೆ)

ತೋಡು ನಕ್ಷೆಯಲ್ಲಿ ಪರಂಬೋಕು ಎಂದಿದ್ದರೆ ಸರ್ಕಾರದ್ದೇ. ಆದರೆ ನೀವು ತೋಡಿಗೆ ಆಕಾಶದಿಂದ ಇಳಿಯಲಿಲ್ಲ ಅಲ್ವಾ? ಯಾರದೋ ಅಡಿಕೆ ತೋಟದ ಬದಿಯಿಂದ ಇಳಿದಿದ್ದೀರಿ, ಇನ್ಯಾರದೋ ಗದ್ದೆಯ ಅಂಚಿನಲ್ಲಿ ಹತ್ತಿದ್ದೀರಿ. ಜಗಳ ಇರುವುದು ಅಲ್ಲಿ. ಇನ್ನು ಎಲ್ಲ ಸಣ್ಣ ತೋಡೂ ಪರಂಬೋಕು ಅಲ್ಲ. ಒಬ್ಬರ ಪಟ್ಟಾ ಜಾಗದೊಳಗೇ ಹುಟ್ಟಿ ಅಲ್ಲೇ ಮುಗಿಯುವ ನೀರಿನ ಹಾದಿಗಳೂ ಉಂಟು.

ಫೋನಿನಲ್ಲಿ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆದರೆ ನೆಟ್‌ವರ್ಕ್ ಸಿಗದ ತೋಡಿನ ಹೊಂಡದಲ್ಲಿ ಅದು ನಿಮ್ಮನ್ನು ಹತ್ತಿಪ್ಪತ್ತು ಮಾರು ಆಚೆ ನಿಲ್ಲಿಸಲೂಬಹುದು, ಅದನ್ನೇ ಹಿಡಿದು ವಾದಕ್ಕೆ ನಿಲ್ಲಬೇಡಿ. ಇನ್ನು ನಮ್ಮ ಜಿಲ್ಲೆಗಳಲ್ಲಿ ಕುಮ್ಕಿ ಎಂಬುದೊಂದು ಉಂಟು. ಕದೀಂ ವರ್ಗ, ಅಂದರೆ ಹಳೆ ಕಾಲದಿಂದ ಕಂದಾಯ ಕಟ್ಟುತ್ತಾ ಬಂದ ಪಟ್ಟಾ ಜಾಗದ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗ, ಅಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತು ವರ್ಗದಾರರಿಗೆ. ಕಾಗದದಲ್ಲಿ ಸರ್ಕಾರದ್ದು, ತಲೆಮಾರುಗಳಿಂದ ನೋಡಿಕೊಂಡು ಬಂದದ್ದು ಆ ಮನೆಯವರು. ಅಲ್ಲಿ ಹೋಗಿ “ಇದು ನಿಮ್ಮದಲ್ಲ” ಎಂದರೆ ಬೈಗುಳ ಖಂಡಿತ, ಮತ್ತೆ ಅದು ಸ್ವಲ್ಪ ನ್ಯಾಯವೂ ಹೌದು.

ಯಜಮಾನರ ಕೋಪ ಏಕೆಂದು ನನಗೆ ಅರ್ಥವಾದದ್ದು ನನ್ನದೇ ತಪ್ಪಿನಿಂದ. ಕಾಲೇಜು ದಿನಗಳಲ್ಲಿ ನಾವು ಮೂವರು ಒಂದು ತೋಟದ ಮೂಲಕ ಹೊಳೆಗೆ ಇಳಿದಿದ್ದೆವು, ಹಿಂದೆ ಬಿದಿರಿನ ಗೇಟು ಹಾಕಲು ಮರೆತೆವು. ಸಂಜೆ ಬರುವಾಗ ಎರಡು ದನ ಒಳಗೆ ನಿಂತು ಬಾಳೆಕಂದು ಅಗಿಯುತ್ತಿದ್ದವು. ಸಾಲಿನಲ್ಲಿ ಹನ್ನೊಂದು ಕಂದುಗಳಿಗೆ ತಲೆಯೇ ಇರಲಿಲ್ಲ. ಮನೆಯ ಅಜ್ಜಿ ಒಂದು ಮಾತೂ ಬೈಯಲಿಲ್ಲ, ನಮ್ಮ ಕೈಗೆ ಹಗ್ಗ ಕೊಟ್ಟು “ಹಿಡಿದು ಕಟ್ಟಿ” ಎಂದರು. ಹಿಡಿಯಲು ಒಂದು ಗಂಟೆ ಬೇಕಾಯಿತು.

ಮಳೆಗಾಲ ಮುಗಿದ ಮೇಲೆ ಕೃಷಿಕರು ತೋಡಿಗೆ ಕಟ್ಟ ಕಟ್ಟುತ್ತಾರೆ, ನಿಮಗೆ ಗೊತ್ತಿರುತ್ತದೆ. ಕಲ್ಲು, ಮಣ್ಣು, ಅಡಿಕೆ ಮರ ಇಟ್ಟು ನೀರು ನಿಲ್ಲಿಸುವುದು. ಆ ಕಲ್ಲುಗಳು ಬಹಳ ಚೆಂದ ಕಾಣುತ್ತವೆ, ತೊಳೆದ ಹಾಗೆ. ಅದರಲ್ಲಿ ಒಂದನ್ನು ಕಿತ್ತರೆ ಕೆಳಗಿನ ಮೂರು ತೋಟದ ನೀರು ಹೋಯಿತು. ಪಂಪಿನ ಫುಟ್‌ವಾಲ್ವ್ ಇರುವ ಗುಂಡಿಯ ಮೇಲ್ಗಡೆ ನೀರು ಕಲಕಿದರೆ ಕೆಸರು ಪೈಪಿಗೆ ಹೋಗುತ್ತದೆ. ಇನ್ನು ಹಾರೆ, ಜರಡಿ, ಬುಟ್ಟಿ ಹಿಡಿದು ಐದು ಜನ ಹೊಳೆಗೆ ಇಳಿದರೆ ನಮ್ಮ ಊರುಗಳಲ್ಲಿ ಯಾರೂ ಪಳೆಯುಳಿಕೆ ಎಂದು ಯೋಚಿಸುವುದಿಲ್ಲ, ಮರಳಿಗೆ ಬಂದವರು ಎಂದೇ ತಿಳಿಯುತ್ತಾರೆ.

ತೋಡಿನ ಬದಿಯ ನಾಗಬನದಿಂದ ಕಲ್ಲು ಮುಟ್ಟಬಾರದು ಎಂದು ನಿಮಗೆ ಹೇಳಬೇಕಾಗಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಭಯಾರಣ್ಯದ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ, ಕಾಡಿನ ಕಲ್ಲು ಮಣ್ಣು ಕೂಡ ಕಾನೂನಿನಲ್ಲಿ ಅರಣ್ಯ ಉತ್ಪನ್ನವೇ. ಮುಂದಿನ ಭಾನುವಾರ ಅದೇ ಯಜಮಾನರ ಮನೆಗೆ ಎದುರಿನ ದಾರಿಯಿಂದ ಹೋಗಿ, ಚಪ್ಪಲಿ ಅಂಗಳದ ಹೊರಗೆ ಬಿಟ್ಟು ಕೇಳಿ. ಐದು ಜನ ಒಟ್ಟಿಗೆ ಬೇಡ, ಇಬ್ಬರು ಸಾಕು.

ಪ್ರಶ್ನೆ: ಮಗಳ ಮನೆಗೆ ನ್ಯೂಜೆರ್ಸಿಗೆ ಹೊರಟಿದ್ದೇನೆ. ಮೊಮ್ಮಗ ಅಲ್ಲಿಯ ಬಿಗ್ ಬ್ರೂಕ್ ಎಂಬ ತೋಡಿನಲ್ಲಿ ಶಾರ್ಕ್ ಹಲ್ಲು ಹೆಕ್ಕುತ್ತಾನಂತೆ. ನಿಜವಾ? ಪೊಲೀಸರು ಹಿಡಿಯಲಿಕ್ಕಿಲ್ಲವಾ? (ಓದುಗರು, ಕುಂದಾಪುರ)

ನಿಜ ಅಮ್ಮಾ. ಅಲ್ಲಿಯ ದಡದ ಮಣ್ಣು ಸುಮಾರು 7 ಕೋಟಿ ವರ್ಷದ ಹಿಂದಿನ ಸಮುದ್ರತಳ. ಪ್ರತಿ ಮಳೆಗೂ ದಡ ಸ್ವಲ್ಪ ಸ್ವಲ್ಪ ಜರಿದು ಹಲ್ಲು, ಚಿಪ್ಪು ನೀರಿಗೆ ಬೀಳುತ್ತವೆ. ಉಗುರಿನಷ್ಟು ಉದ್ದ, ಕಪ್ಪು ಅಥವಾ ಕಂದು, ಕಲ್ಲಿನ ನಡುವೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ.

ಹೆಕ್ಕಬಹುದು, ಆದರೆ ಅಲ್ಲಿಯ ಪಾರ್ಕಿಗೆ ನಿಯಮ ಉಂಟು. ಒಬ್ಬರಿಗೆ ದಿನಕ್ಕೆ 5 ಮಾತ್ರ. ಸಣ್ಣ ಕರಣೆ, ಸಣ್ಣ ಜರಡಿ ಸಾಕು, ಹಾರೆ ಇಲ್ಲ. ದಡ ಕೆತ್ತುವಂತಿಲ್ಲ, ನೀರು ತಾನಾಗಿ ಬಿಡಿಸಿ ಕೊಟ್ಟದ್ದಷ್ಟೇ ನಮ್ಮದು. ಪಾರ್ಕಿನ ಗಡಿ ದಾಟಿದರೆ ಖಾಸಗಿ ಜಾಗ, ಅಲ್ಲಿ ಕೇಳದೆ ಕಾಲಿಡಬಾರದು. ಹೋಗುವ ಮೊದಲು ಮಗಳಿಗೆ ಪಾರ್ಕಿನ ಬೋರ್ಡು ಓದಲು ಹೇಳಿ.

ಆ ದೇಶದಲ್ಲಿ ಊರಿಗೊಂದು ಕಾನೂನು. ಫ್ಲಾರಿಡಾದಲ್ಲಿ ಶಾರ್ಕ್ ಹಲ್ಲಿಗೆ ಪರವಾನಗಿ ಬೇಡ, ಆದರೆ ಸರ್ಕಾರಿ ಜಾಗದಲ್ಲಿ ಬೇರೆ ಪ್ರಾಣಿಗಳ ಮೂಳೆ ಹೆಕ್ಕಲು ಬೇಕು. ಕೇಂದ್ರ ಸರ್ಕಾರದ ಕೆಲವು ಬಯಲುಗಳಲ್ಲಿ ಕಲ್ಲಾದ ಮರವನ್ನು ಮನೆ ಬಳಕೆಗೆ ದಿನಕ್ಕೆ 25 ಪೌಂಡ್, ಅಂದರೆ ಸುಮಾರು 11 ಕೆ.ಜಿ., ಮೇಲೆ ಒಂದು ತುಂಡು ಒಯ್ಯಬಹುದು. ಪಕ್ಕದ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಹರಳೂ ಕಿಸೆಗೆ ಹಾಕುವಂತಿಲ್ಲ. ಸೀರೆ ಎತ್ತಿ ಕಟ್ಟಿ ನೀವೂ ಇಳಿಯಿರಿ, ಮರ್ವಾಯಿ ಚಿಪ್ಪು ಹೆಕ್ಕಿದ ಕೈಗೆ ಅದೇನೂ ಕಷ್ಟ ಅಲ್ಲ.

ಪ್ರಶ್ನೆ: ದೇವರ ಕೋಣೆಯ ಸಾಲಿಗ್ರಾಮವೂ ಪಳೆಯುಳಿಕೆಯೇ ಎಂದು ಮಗಳು ವಾದಿಸುತ್ತಾಳೆ. ನಾವು ಮುಕ್ತಿನಾಥಕ್ಕೆ ಹೋಗುವವರಿದ್ದೇವೆ, ಹೊಳೆಯಲ್ಲಿ ಸಿಕ್ಕರೆ ತರಬಹುದೇ? (ಓದುಗರು, ಉಡುಪಿ)

ಮಗಳು ಹೇಳಿದ್ದು ಸರಿ. ಒಳಗಿನ ಚಕ್ರ ಇದೆಯಲ್ಲ, ಅದು ಅಮೊನೈಟ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪಿನ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರ ಇತ್ತು. ಸುಮಾರು 15 ಕೋಟಿ ವರ್ಷದ ಹಿಂದೆ ಅದರ ಕೆಸರಿನಲ್ಲಿ ಹೂತದ್ದನ್ನು ಈಗ ಕಾಳಿ ಗಂಡಕಿ ಬಿಡಿಸಿ ಉರುಳಿಸಿ ತರುತ್ತದೆ. ಅಮೊನೈಟ್ ಸಂಬಂಧದಲ್ಲಿ ನಮ್ಮ ಮಲ್ಪೆಯ ಬೊಂಡಾಸಿಗೆ (ಸ್ಕ್ವಿಡ್) ದೂರದ ಅಣ್ಣ. ಇದನ್ನು ಪೂಜೆಯ ಹೊತ್ತಿಗೆ ಯೋಚಿಸಬೇಡಿ, ನಾನು ಹೇಳಿದ್ದೇನೆ ಎಂದು ಮಠದಲ್ಲಿ ಹೇಳುವುದೂ ಬೇಡ.

ಮುಕ್ತಿನಾಥ ಇರುವುದು ಅನ್ನಪೂರ್ಣ ಸಂರಕ್ಷಣಾ ಪ್ರದೇಶದೊಳಗೆ, ಪ್ರವೇಶಕ್ಕೆ ಅನುಮತಿ ಚೀಟಿ ಬೇಕು. ಹೊಳೆಯಿಂದ ಎತ್ತಿಕೊಳ್ಳುವ ಮಾತು, ಗಡಿ ದಾಟಿಸುವ ಮಾತು ಎರಡನ್ನೂ ಆ ಚೀಟಿ ಕೊಡುವ ಕಚೇರಿಯಲ್ಲೇ ಕೇಳಿಬಿಡಿ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು ಎಂದು ಹಿರಿಯರು ಹೇಳುತ್ತಿದ್ದರು, ದಾರಿ ಬದಿಯ ವ್ಯಾಪಾರಿ ಮುಂದೆ ಅದೂ ನೆನಪಿರಲಿ.

ಪ್ರಶ್ನೆ: ನಿಜವಾದ ಪಳೆಯುಳಿಕೆ ನೋಡಲು ಎಲ್ಲಿಗೆ ಹೋಗಬೇಕು? (ವಿದ್ಯಾರ್ಥಿ, ಸುರತ್ಕಲ್)

ರೈಲಿನಲ್ಲಿ ತಮಿಳುನಾಡಿನ ಅರಿಯಲೂರು. ಡೈನೊಸಾರ್ ಕಾಲದ ಸಮುದ್ರತಳ ಅಲ್ಲಿ ಬಯಲಾಗಿ ಬಿದ್ದಿದೆ, ಮಳೆ ಕೊರೆದ ಕೊರಕಲುಗಳಲ್ಲಿ ಅಮೊನೈಟ್ ಕಾಣುತ್ತವೆ. ಸುಣ್ಣಕಲ್ಲಿನ ಗಣಿಗಳು ಸಿಮೆಂಟ್ ಕಂಪನಿಗಳ ಲೀಸಿನಲ್ಲಿವೆ, ಪತ್ರ ಬರೆದು ಒಪ್ಪಿಗೆ ಪಡೆಯದೆ ಒಳಗೆ ನುಗ್ಗಬೇಡಿ. ತಮಿಳುನಾಡಿನದೇ ತಿರುವಕ್ಕರೈಯಲ್ಲಿ ಸುಮಾರು 2 ಕೋಟಿ ವರ್ಷದ ಕಲ್ಲಾದ ಮರಗಳಿವೆ. ನೋಡಬಹುದು, ಒಂದು ಚೂರೂ ತರುವಂತಿಲ್ಲ. ನಮ್ಮ ರಾಜ್ಯದಲ್ಲೇ ಸಾಕೆಂದರೆ ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ನೋಡಿ, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು, ಕ್ಯಾಬೇಜು ಕೊಯ್ದ ಹಾಗೆ ಕಾಣುತ್ತದೆ. ಸುತ್ತಿಗೆ ಮನೆಯಲ್ಲೇ ಇರಲಿ, ಕ್ಯಾಮೆರಾ ಸಾಕು.

ಪ್ರಶ್ನೆ: ಹೋದ ವರ್ಷ ಸೇಂಟ್ ಮೇರೀಸ್ ದ್ವೀಪದಿಂದ ಒಂದು ಕಲ್ಲು ತಂದಿದ್ದೆ. ಅದರಲ್ಲಿ ಪಳೆಯುಳಿಕೆ ಇರಬಹುದಾ? (ಓದುಗರು, ಮಲ್ಪೆ)

ಇಲ್ಲ. ಅದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ. ಕುದಿಯುವ ಕಲ್ಲಿನೊಳಗೆ ಯಾವ ಜೀವಿ ಉಳಿದೀತು? ತಣ್ಣಗಾಗುವಾಗ ಬಿರಿದು ಕಂಬ ಕಂಬವಾಗಿ ನಿಂತಿದೆ. ಅಲ್ಲಿ ಕಾಣುವ ಚಿಪ್ಪುಗಳೆಲ್ಲ ಈಗಿನವು. ಆ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕಲ್ಲು ತಂದದ್ದು ತಪ್ಪು. ಮಲ್ಪೆಯವರೇ ಅಲ್ವಾ, ಮಳೆಗಾಲ ಕಳೆದು ಬೋಟು ಶುರುವಾದ ಮೇಲೆ ಹೋಗಿ ಇಟ್ಟು ಬನ್ನಿ. ನನಗೆ ಪಾರ್ಸೆಲ್ ಮಾಡಬೇಡಿ.