ಕಾರಿನ ಒಂದು ರಿಮೋಟ್ ಕೀ ಕಳೆದಿದೆ. ರಾಯಚೂರಿನಲ್ಲಿ ಬರೀ ನಕಲಿ ಕೀ ಕೆತ್ತಿಸಿದರೆ ಸಾಕೇ?

ಸಾಲದು. ಕೀಯಲ್ಲಿ ಬ್ಲೇಡ್ (ಬೀಗಕ್ಕೆ ಹಾಕುವ ಲೋಹದ ಭಾಗ), ರಿಮೋಟ್ ಮತ್ತು ಟ್ರಾನ್ಸ್‌ಪಾಂಡರ್ ಚಿಪ್ (ಕಾರಿಗೆ ಕೀಯ ಗುರುತು ತಿಳಿಸುವ ಚಿಪ್) ಬೇರೆ ಬೇರೆ. ಬ್ಲೇಡ್ ಮಾತ್ರ ಕೆತ್ತಿಸಿದರೆ ಬಾಗಿಲು ತೆರೆಯುತ್ತದೆ, ಆದರೆ ಚಿಪ್ಪಿನ ಗುರುತು ಸಿಗದೆ ಇಮ್ಮೊಬಿಲೈಸರ್ ಎಂಬ ಕಳ್ಳತನ ತಡೆಯುವ ವ್ಯವಸ್ಥೆ ಎಂಜಿನ್ ಓಡಲು ಬಿಡುವುದಿಲ್ಲ.

ಇನ್ನೊಂದು ಕೀ ಕೈಯಲ್ಲಿರುವಾಗಲೇ ಮಾಡಿಸಿ. ಎರಡೂ ಹೋದರೆ ಖರ್ಚು ಬಹಳ ಏರುತ್ತದೆ. ಕೀ ಮಾಡುವವರ ಬಳಿ ಕಾರನ್ನೇ ಒಯ್ಯಬೇಕು, ಜೊತೆಗೆ ಆರ್‌ಸಿ, ಗುರುತಿನ ಚೀಟಿ, ಮನೆಯಲ್ಲಿರುವ ಎಲ್ಲ ಕೀಗಳು. ಡ್ಯಾಶ್‌ಬೋರ್ಡ್ ಕೆಳಗೆ ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಒಬಿಡಿ ಪೋರ್ಟ್‌ಗೆ ಯಂತ್ರ ಹಚ್ಚಿ ಹೊಸ ಚಿಪ್ಪಿನ ಗುರುತನ್ನು ಕಾರಿಗೆ ಸೇರಿಸುತ್ತಾರೆ, ಇದೇ ಪ್ರೋಗ್ರಾಮಿಂಗ್. ಕೆಲವು ಗಾಡಿಗಳಲ್ಲಿ ಆಗ ಹಳೆಯ ಕೀಗಳ ಗುರುತೆಲ್ಲ ಅಳಿಸಿಹೋಗುತ್ತದೆ, ಅವನ್ನೂ ಅಲ್ಲೇ ಮತ್ತೆ ಸೇರಿಸಬೇಕು. ಕಾರಿನ ಬ್ಯಾಟರಿ ವೀಕ್ ಇದ್ದರೆ ಮೊದಲು ಚಾರ್ಜ್ ಮಾಡಿಸಿ. ಪ್ರೋಗ್ರಾಮಿಂಗ್ ನಡುವೆ ವೋಲ್ಟೇಜ್ ಕುಸಿದರೆ ಕಾರಿನ ಕಂಪ್ಯೂಟರ್ ಆದ ಕಂಟ್ರೋಲ್ ಯೂನಿಟ್ಟೇ ಕೆಡಬಹುದು.

ಕಳೆದ ಕೀಯ ಗುರುತನ್ನು ಕಾರಿನಿಂದ ಅಳಿಸಲು ಮರೆಯದೆ ಹೇಳಿ. ಅಳಿಸಿದರೂ ಅದರ ಬ್ಲೇಡ್ ಬಾಗಿಲು ತೆರೆಯುತ್ತದೆ, ಹಾಗಾಗಿ ಕಾರಿನಲ್ಲಿ ಬೆಲೆಬಾಳುವುದನ್ನು ಇಡಬೇಡಿ. ಸೆಕೆಂಡ್ ಹ್ಯಾಂಡ್ ಸ್ಮಾರ್ಟ್ ಕೀ (ಜೇಬಿನಲ್ಲಿದ್ದರೇ ಸಾಕಾಗುವ ಕೀ) ಅಗ್ಗವೆಂದು ಕೊಳ್ಳಬೇಡಿ, ಎಷ್ಟೋ ಕೀಗಳು ಹಳೆಯ ಕಾರಿಗೇ ಲಾಕ್ ಆಗಿರುತ್ತವೆ.

ಅಂದಹಾಗೆ, ಉಳಿದ ರಿಮೋಟ್ ಹತ್ತಿರ ಹೋದರಷ್ಟೇ ಕೆಲಸ ಮಾಡುತ್ತಿದ್ದರೆ ಅದಕ್ಕೆ ಪ್ರೋಗ್ರಾಮಿಂಗ್ ಬೇಡ, ಒಳಗಿನ 3 ವೋಲ್ಟ್ ಸೆಲ್ ಬದಲಿಸಿ. ಹಲವು ಕೀಗಳಲ್ಲಿ ಅದು ಸಿಆರ್ 2032. ಹಳೆಯದರ ಮೇಲಿನ ನಂಬರ್ ನೋಡಿಯೇ ತನ್ನಿ.