ಪೋಪ್ ಒಪ್ಪಿದ್ದು ಆಶೀರ್ವಾದಕ್ಕೆ, ಮದುವೆಗಲ್ಲ

‘ಪೋಪ್ ಫ್ರಾನ್ಸಿಸ್ ಸಲಿಂಗಿಗಳ ಮದುವೆಗೆ ಒಪ್ಪಿದ್ದರಲ್ಲ, ಮತ್ತೆ ಆಫ್ರಿಕಾದ ಬಿಷಪ್‌ಗಳು ಯಾಕೆ ತಿರುಗಿಬಿದ್ದರು?’ ಅಂತ ಕೇಳಿದ್ದೀರಿ. ಮದುವೆಗೆ ಒಪ್ಪಿಯೇ ಇರಲಿಲ್ಲ, ಟೀವಿಯವರ ತಲೆಬರಹ ನೋಡಿದವರಿಗೆ ಹಾಗನ್ನಿಸಿತು ಅಷ್ಟೇ.

2023ರ ಡಿಸೆಂಬರ್ 18ರಂದು ವ್ಯಾಟಿಕನ್ ಹೊರಡಿಸಿದ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಘೋಷಣಾಪತ್ರ ಹೇಳಿದ್ದಿಷ್ಟು: ಸಲಿಂಗ ಜೋಡಿ ಬಂದು ಕೇಳಿಕೊಂಡರೆ ಪಾದ್ರಿ ಆಶೀರ್ವದಿಸಬಹುದು. ಆದರೆ ಮದುವೆಯ ಉಡುಪು, ಶಾಸ್ತ್ರ, ನಿಗದಿತ ಪ್ರಾರ್ಥನೆ ಯಾವುದೂ ಕೂಡದು. ಗಲಾಟೆ ಜೋರಾದಾಗ 2024ರ ಜನವರಿ 4ರಂದು ಇನ್ನೊಂದು ಸ್ಪಷ್ಟನೆ ಬಂತು. ಅದರ ಪ್ರಕಾರ ಇಡೀ ಆಶೀರ್ವಾದ ಸುಮಾರು 10–15 ಸೆಕೆಂಡಿನದು! ಶಿಲುಬೆ ಗುರುತು ಹಾಕುವಷ್ಟರಲ್ಲಿ ಮುಗೀತು. ಅಷ್ಟಕ್ಕೂ ಆಫ್ರಿಕಾ ಒಪ್ಪಲಿಲ್ಲ. ಜನವರಿ 11ರಂದು ಕಾಂಗೋದ ರಾಜಧಾನಿ ಕಿನ್ಶಾಸಾದ ಕಾರ್ಡಿನಲ್ (ಪೋಪ್ ನಂತರದ ಹಿರಿಯ ಧರ್ಮಗುರು) ಅಂಬೊಂಗೊ ಆಫ್ರಿಕಾದ ಬಿಷಪ್‌ಗಳ ಪರವಾಗಿ, ಇದು ನಮ್ಮ ಸಂಸ್ಕೃತಿಗೆ ಹೊಂದದು ಎಂದು ಕೈತೊಳೆದುಕೊಂಡರು, ಅದೂ ಪೋಪ್ ಜೊತೆ ಮಾತಾಡಿಯೇ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡದು ಅದೇ 2023ರ ಜನವರಿಯಲ್ಲಿ ಫ್ರಾನ್ಸಿಸ್ ಆಡಿದ ಮಾತು: ಸಲಿಂಗಿಯಾಗಿರುವುದು ಅಪರಾಧವಲ್ಲ. ಚರ್ಚಿನ ಲೆಕ್ಕದಲ್ಲಿ ಸಲಿಂಗ ಸಂಭೋಗ ಪಾಪ ಅನ್ನುವುದನ್ನೇನೂ ಅವರು ಬಿಡಲಿಲ್ಲ. ಆದರೆ ಪಾಪಕ್ಕೆ ಪೊಲೀಸರು ಬರುವುದಿಲ್ಲವಲ್ಲ.

ಅಂದಹಾಗೆ, 2013ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಭೋಗವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಎತ್ತಿಹಿಡಿದಾಗ, ಚರ್ಚ್ ಸಲಿಂಗಿಗಳನ್ನು ಅಪರಾಧಿಗಳೆಂದು ನೋಡುವುದಿಲ್ಲ ಅಂದಿದ್ದು ನಮ್ಮ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್.